ಮೂರು ವರ್ಷ ನಿಂತ ಟಾಟಾ 1210 ಲಾರಿ: ಡೀಸೆಲ್ ಟ್ಯಾಂಕ್ ಇಳಿಸಲೇಬೇಕಾ?

ಲಾರಿಶೆಡ್: ಯಶವಂತಪುರದ ಶೆಡ್‌ನಲ್ಲಿ ಮೂರು ವರ್ಷದಿಂದ ಗಾಡಿ ನಿಂತಿದೆ. ಎಂಜಿನ್‌ಗೆ ಡೀಸೆಲ್ ಒತ್ತಿ ಕೊಡೋದು ಮೈಕೋ ಕಂಪನಿಯ ಇನ್‌ಲೈನ್ ಪಂಪ್, ಸುಮಾರು 160 ಲೀಟರ್ ಟ್ಯಾಂಕ್. ಒಳಗೆ ಕಾಲುಭಾಗ ಡೀಸೆಲ್ ಇದೆ. ಮುಚ್ಚಳ ತೆಗೆದರೆ ವಾರ್ನಿಶ್ ವಾಸನೆ. "20 ಲೀಟರ್ ಹೊಸ ಡೀಸೆಲ್ ಸುರಿದು ಸೆಲ್ಫ್ ಹೊಡೀರಿ, ಸರಿಹೋಗುತ್ತೆ" ಅಂತಾರೆ ಮೆಕ್ಯಾನಿಕ್. ಹೊಡೀಲಾ? ಟ್ಯಾಂಕ್ ತೊಳೆಸೋದಾ, ಹೊಸದು ಹಾಕಿಸೋದಾ?

ಪಂಪ್‌ರೂಮ್: ಸೆಲ್ಫ್ ಮುಟ್ಟಬೇಡಿ ಸರ್. ಕಾಲು ಟ್ಯಾಂಕ್ ಡೀಸೆಲ್ ಅಂದ್ರೆ ಮುಕ್ಕಾಲು ಟ್ಯಾಂಕ್ ಗಾಳಿ. ಹಗಲು ಕಾದು ರಾತ್ರಿ ತಣ್ಣಗಾದಾಗೆಲ್ಲ ಆ ಗಾಳಿಯ ತೇವ ತಗಡಿನ ಮೇಲೆ ಬೆವರಾಗಿ ತಳಕ್ಕೆ ಇಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ಅಲ್ಲೇ ಕೂರುತ್ತೆ. ನೀರು-ಡೀಸೆಲ್ ಕೂಡೋ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆ ಆಗುತ್ತೆ. ಇನ್‌ಲೈನ್ ಪಂಪಿನ ಎಲಿಮೆಂಟಿಗೂ (ಡೀಸೆಲ್ ಒತ್ತೋ ಸಣ್ಣ ಕಡ್ಡಿ) ಅದು ಓಡಾಡೋ ಕೊಳವೆ ಬ್ಯಾರಲ್‌ಗೂ ನಡುವೆ ಇರೋದು ಕೆಲವೇ ಮೈಕ್ರಾನ್ ಸಂದು, ಅದಕ್ಕೆ ಜಾರಿಕೆ ಕೊಡೋದು ಡೀಸೆಲ್ಲೇ. ಅಲ್ಲಿಗೆ ನೀರು ಹೋದರೆ ಎಲಿಮೆಂಟ್ ಕಚ್ಚಿಕೊಳ್ಳುತ್ತೆ. ಹೊಸ ಡೀಸೆಲ್ ಸುರಿದರೆ ತಳದಲ್ಲಿ ಸುಮ್ಮನಿದ್ದ ಕೆಸರು ಎದ್ದು ಸೀದಾ ಪಂಪಿನ ಕಡೆ ಹೊರಡುತ್ತೆ, ಅಷ್ಟೇ.

ಮೊದಲು ತಳದ ಡ್ರೇನ್ ಬೋಲ್ಟ್ ಬಿಚ್ಚಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಬಳಸಿ. ಪೈಪ್ ರೆಂಚ್ ಹಾಕಿದರೆ ಮೂಲೆ ಸವೆದು ಬೋಲ್ಟ್ ಅಲ್ಲೇ ಕೂತುಬಿಡುತ್ತೆ. ಮೊದಲು ಬರೋ ಅರ್ಧ ಲೀಟರನ್ನ ಗಾಜಿನ ಬಾಟ್ಲಿಗೆ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರು. ನಡುವೆ ಕಪ್ಪು ಲೋಳೆಯ ಗೆರೆ ಇದ್ದರೆ ಬೂಷ್ಟು. ಕೆಂಪು-ಕಂದು ಪುಡಿ ಹೊರಗಿನಿಂದ ಹಿಡಿದ ಅಯಸ್ಕಾಂತದ ಹಿಂದೆ ಓಡಿದರೆ ಟ್ಯಾಂಕ್ ಒಳಗೇ ತುಕ್ಕು.

ಕಲಾಸಿಪಾಳ್ಯ ಗರಾಜ್: ಒಳಗಡೆ ಇರಲಿ, ಹೊರಗೂ ನೋಡಿ. ಟ್ಯಾಂಕ್ ಪಟ್ಟಿ ಕೆಳಗೆ ರಬ್ಬರ್ ಇರುತ್ತಲ್ಲ, ಅಲ್ಲಿ ಮಳೆನೀರು ನಿಂತು ತಗಡನ್ನ ಹೊರಗಿನಿಂದ ತಿನ್ನುತ್ತೆ. ಪೇಂಟ್ ಚೆನ್ನಾಗೇ ಕಾಣುತ್ತೆ, ಸ್ಕ್ರೈಬರಿನ (ತಗಡಿನ ಮೇಲೆ ಗೆರೆ ಹಾಕೋ ಚೂಪು ಕಡ್ಡಿ) ಮೊನೆ ಒತ್ತಿದರೆ ಪುಸಕ್ ಅಂತ ಒಳಗೆ ಹೋಗುತ್ತೆ. ಅದಕ್ಕೇ ಟ್ಯಾಂಕ್ ಇಳಿಸದೆ ಬೇರೆ ದಾರಿ ಇಲ್ಲ ಗುರು.

ಇಳಿಸಿದ ಮೇಲೆ ಡೀಸೆಲ್ ಮಟ್ಟ ತೋರಿಸೋ ಗೇಜಿನ ಫ್ಲೋಟ್, ಡೀಸೆಲ್ ಎಳೆಯೋ ಪೈಪ್ ಎರಡೂ ತೆಗೀರಿ. ಪೈಪಿನ ತುದಿಯ ಜಾಲಿಗೆ ಲೋಳೆ ಮೆತ್ತಿದ್ದರೆ ಗಾಡಿ ಖಾಲಿ ಇದ್ದಾಗ ಓಡಿ, ಲೋಡ್ ಹಾಕಿ ಫ್ಲೈಓವರ್ ಹತ್ತಿಸಿದಾಗ ಎಳೆಯಲ್ಲ. ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಇದೇ ಲಕ್ಷಣ; ಮುಚ್ಚಳ ಸಡಿಲಿಸಿದಾಗ ಉಸ್ ಅಂತ ಗಾಳಿ ಒಳಗೆ ಎಳೆದರೆ ಗೊತ್ತಾಗುತ್ತೆ.

ಸೋರಿಕೆ ನೋಡೋಕೆ 2-3 ಪಿಎಸ್‌ಐ ಗಾಳಿ, ಸೋಪಿನ ನೊರೆ ಸಾಕು. ಪಂಚರ್ ಅಂಗಡಿ ಕಂಪ್ರೆಸರ್ ಲೈನ್ ನೇರ ಕೊಟ್ಟರೆ ಟ್ಯಾಂಕ್ ಉಬ್ಬಿ ಜೋಡಣೆ ಬಿಟ್ಕೊಳ್ಳುತ್ತೆ. ತೂತು ಸಿಕ್ಕಿದರೆ ಹಾಗೇ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಕಂಡರೂ ಗೋಡೆಗೆ ಅಂಟಿದ ಡೀಸೆಲ್ ಬಿಸಿಗೆ ಆವಿಯಾಗಿ ಸಿಡಿಯುತ್ತೆ, ಜೀವ ಹೋಗುತ್ತೆ.

ಲಾರಿಶೆಡ್: ಬಾಟ್ಲಿ ನೋಡ್ದೆ. ತಳದಲ್ಲಿ ಎರಡು ಬೆರಳು ನೀರು, ಮೇಲೆ ಕಪ್ಪು ಲೋಳೆ, ಸ್ವಲ್ಪ ತುಕ್ಕು. ತಗಡು ಗಟ್ಟಿ ಇದೆ, ಸೋರಿಕೆ ಇಲ್ಲ. ಆಸಿಡ್ ಹಾಕಿಸಲಾ?

ಪಂಪ್‌ರೂಮ್: ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಬೇಡ, ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತೆ. ಸಿಟ್ರಿಕ್ ಆಸಿಡ್ ಸಾಕು. ಅದಕ್ಕೂ ಮುಂಚೆ ಬಿಸಿನೀರು, ಸೋಪಿನ ಪುಡಿ ಹಾಕಿ ಜಿಡ್ಡು ಹೋಗೋವರೆಗೂ ತೊಳೀರಿ. ಜಿಡ್ಡಿರೋ ತುಕ್ಕನ್ನ ಆಸಿಡ್ ಮುಟ್ಟೋದೇ ಇಲ್ಲ. ಬಹಳ ಜನ ಈ ಹಂತ ಬಿಟ್ಟು ಸಿಟ್ರಿಕ್ ಕೆಲಸ ಮಾಡಲ್ಲ ಅಂತಾರೆ. ಆಮೇಲೆ 40 ಲೀಟರ್ ಬಿಸಿನೀರಿಗೆ 2 ಕೆಜಿ ಹಾಕಿ, ಟ್ಯಾಂಕನ್ನ ಒಂದೊಂದು ಮಗ್ಗುಲಿಗೂ ಹೊರಳಿಸಿ ಅರ್ಧ ದಿನ ಬಿಡಿ. ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಬರುತ್ತೆ. ಜಲ್ಲಿ, ಚೈನ್ ಹಾಕಿ ಕುಲುಕೋದು ಬೇಡ. ಒಳಗೆ ಅಡ್ಡ ತಗಡು ಇದ್ದರೆ ಅದರ ಹಿಂದೆ ಸಿಕ್ಕಿಕೊಂಡಿದ್ದು ಹೊರಗೆ ಬರಲ್ಲ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಗಾಳಿ ಬಿಟ್ಟು ತಕ್ಷಣ ಒಣಗಿಸಿ, ಎರಡು ಲೀಟರ್ ಡೀಸೆಲ್ ಸುರಿದು ಎಲ್ಲ ಕಡೆ ಹೊರಳಿಸಿ. ಒದ್ದೆ ಬಿಟ್ಟರೆ ಗಂಟೆಯೊಳಗೆ ಮತ್ತೆ ಕೆಂಪಗಾಗುತ್ತೆ. ಒಳಗೆ ಪೇಂಟ್ ಬೇಡ, ಸುಲಿದು ಫಿಲ್ಟರಿಗೆ ಬರುತ್ತೆ.

ಜೆಸಿ ರೋಡ್ ಕೌಂಟರ್: ಇಷ್ಟು ಕೂಲಿ, ಎರಡು ಮೂರು ದಿನ ಶೆಡ್ ಕೆಲಸ ಲೆಕ್ಕ ಹಾಕಿದರೆ ಜೆಸಿ ರಸ್ತೆಯಲ್ಲಿ ಹೊಸ ಟ್ಯಾಂಕಿನ ರೇಟೂ ಒಮ್ಮೆ ಕೇಳಿ ನೋಡಿ. ಜಿಐ (ಸತು ಲೇಪಿಸಿದ) ತಗಡಿನದು ಮಾತ್ರ ತಗೋಬೇಡಿ, ಸತು ಡೀಸೆಲ್ ಜೊತೆ ಸೇರಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಝಲ್‌ಗೆ ಕಸ ಕಟ್ಟುತ್ತೆ.

ಲಾರಿಶೆಡ್: ಟ್ಯಾಂಕ್ ಕೆಲಸ ಆಗೋವರೆಗೂ ಕ್ಯಾನ್ ಇಟ್ಟು ಎಂಜಿನ್ ನೋಡಬಹುದಾ?

ಪಂಪ್‌ರೂಮ್: ನೋಡಬಹುದು. 10 ಲೀಟರ್ ಕ್ಯಾನಲ್ಲಿ ಹೊಸ ಡೀಸೆಲ್, ಫೀಡ್ ಪಂಪಿಗಿಂತ (ಟ್ಯಾಂಕಿಂದ ಡೀಸೆಲ್ ಎಳೆಯೋ ಪಂಪ್) ಎತ್ತರದಲ್ಲಿ. ಟ್ಯಾಂಕಿಂದ ಬರೋ ಹಳೇ ಪೈಪನ್ನ ಸೇರಿಸದೆ, ಹೊಸ ಹೋಸ್ ನೇರ ಫೀಡ್ ಪಂಪಿಗೆ ಕೊಡಿ. ಮಿಕ್ಕ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪೂ ಆ ಕ್ಯಾನಿಗೇ ಬರಲಿ. ಫಿಲ್ಟರ್ ಎರಡೂ ಹೊಸದು, ತಾಮ್ರದ ವಾಷರೂ ಹೊಸದು. ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಪಂಪಿಗೆ ಹೋಗುತ್ತೆ. ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಒತ್ತೋ ಗುಂಡಿ) ಒತ್ತುತ್ತಾ ಮೊದಲು ಫಿಲ್ಟರ್ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೂ ಏರ್ ಬಿಡಿಸಿ.

ಸೆಲ್ಫ್ ಹೊಡೆಯೋ ಮುಂಚೆ ಒಂದು ಕೆಲಸ ಮರೀಬೇಡಿ. ಪಂಪಿನ ಪಕ್ಕದ ಕಿಟಕಿ ಮುಚ್ಚಳ ತೆಗೆದು ರ‍್ಯಾಕ್ (ಡೀಸೆಲ್ ಹೆಚ್ಚು-ಕಡಿಮೆ ಮಾಡೋ ಕಡ್ಡಿ) ಬೆರಳಿಗೆ ಸಲೀಸಾಗಿ ಜಾರುತ್ತಾ ನೋಡಿ. ಫುಲ್ ಡೀಸೆಲ್ ಕಡೆ ಕಚ್ಚಿಕೊಂಡಿದ್ದರೆ ಸ್ಟಾರ್ಟ್ ಆದ ಕ್ಷಣ ಎಂಜಿನ್ ರೇಸ್ ಹಿಡಿಯುತ್ತೆ, ಕೀ ತೆಗೆದರೂ ನಿಲ್ಲಲ್ಲ. ಹಾಗಾದರೆ ಗಾಳಿ ತಡೆದು ಎಂಜಿನ್ ನಿಲ್ಲಿಸಬೇಕು; ಗಾಳಿ ಎಳೆಯೋ ಬಾಯಿಗೆ ಅಡ್ಡ ಹಿಡಿಯೋಕೆ ಒಂದು ದಪ್ಪ ಹಲಗೆ ಕೊಟ್ಟು ಒಬ್ಬರನ್ನ ನಿಲ್ಲಿಸಿ. ಕೈಯನ್ನೋ ಬಟ್ಟೆಯನ್ನೋ ಇಡೋದು ಬೇಡ.

ಕಲಾಸಿಪಾಳ್ಯ ಗರಾಜ್: ತೆಗೆದ ಹಳೇ ಡೀಸೆಲ್ ಸೋಸಿ ಮತ್ತೆ ಹಾಕೋ ಆಸೆ ಬಿಡಿ. ಮೋರಿಗೂ ಸುರಿಯಬೇಡಿ, ವೇಸ್ಟ್ ಆಯಿಲ್ ತಗೊಳ್ಳೋ ಲೈಸೆನ್ಸ್ ಇರೋರಿಗೆ ಕೊಡಿ.