ಅಪ್‌ಡೇಟ್: ಜಾವಾ ಸೈಡ್‌ಕಾರ್ ಹಿಂದೆ ಟ್ರೇಲರ್ ಈಗ ಓಲಾಡ್ತಿಲ್ಲ

ನನ್ನ ಟ್ರೇಲರ್ ಯಾಕೆ ಓಲಾಡುತ್ತೆ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಮೈಸೂರಿನ ಯಾದವಗಿರಿ ಕಾರ್ಖಾನೆಯಲ್ಲಿ ತಯಾರಾದ ನನ್ನ ಜಾವಾ 250 ಬೈಕ್, ಎಡಕ್ಕೆ ಸೈಡ್‌ಕಾರ್ (ಪಕ್ಕಕ್ಕೆ ಜೋಡಿಸಿದ ಒಂಟಿ ಚಕ್ರದ ಗಾಡಿ), ಹಿಂದೆ ಪುಟ್ಟ ಟ್ರೇಲರ್. ವೇಗ 35 ದಾಟಿದರೆ ಟ್ರೇಲರ್ ಹಾವಿನಂತೆ ಓಲಾಡುತ್ತಿತ್ತು.

ಕಾರಣ ಹೇಳಿದ್ದು ನಮ್ಮ ದೊಡ್ಡಪ್ಪ. ಪಾಂಡವಪುರದ ಹತ್ತಿರ ಎತ್ತಿನ ಗಾಡಿ ಹೊಡೆದು ಬೆಳೆದವರು. ನೋಡಿದ ತಕ್ಷಣ, "ಹಿಂಭಾರ ಆಗಿದೆ ಕಣೋ, ಮೂಕಿ ಮೇಲೆ ಭಾರ ತಾ" ಅಂದರು. ಮೂಕಿ ಅಂದ್ರೆ ಗಾಡಿಯ ಮುಂದಿನ ಉದ್ದ ಮರ; ನನ್ನ ಟ್ರೇಲರ್‌ನಲ್ಲಿ ಅದು ಬೈಕಿಗೆ ಸಿಕ್ಕಿಸುವ ಕೊಂಡಿಯ ಕಡೆ. ಮನೆಯ ತೂಕದ ಯಂತ್ರವನ್ನು ಕೊಂಡಿಯ ಕೆಳಗಿಟ್ಟು ನೋಡಿದೆ. ಒಟ್ಟು 60 ಕೆಜಿಯಲ್ಲಿ ಅಲ್ಲಿ ಬೀಳುತ್ತಿದ್ದುದು ಬರೀ 2 ಕೆಜಿ! ಬೆಲ್ಲದ ಡಬ್ಬಗಳನ್ನು ಆಕ್ಸಲ್‌ಗಿಂತ ಮುಂದಕ್ಕೆ ಸರಿಸಿ 6 ಕೆಜಿ ಮಾಡಿದೆ. ನಾಲೆ ಏರಿಯ ಮೇಲೆ 40ರಲ್ಲಿ ಹೋದೆ, ಅಲುಗಾಡಲೇ ಇಲ್ಲ. ಎಷ್ಟು ಖುಷಿ ಆಯ್ತು ಗೊತ್ತಾ!

ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಎಳೆಯುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆ ಮಾಡಿಸಿದೆ, ಎಳೆತ ಚೆನ್ನಾಗಿದೆ. ಸೈಡ್‌ಕಾರ್ ಇರುವುದರಿಂದ ಬೈಕ್ ವಾಲುವುದಿಲ್ಲ, ಹಾಗಾಗಿ ಟ್ರೇಲರ್‌ಗೆ ಸಾದಾ ಗುಂಡಿನ ಕೊಂಡಿಯೇ (ಬಾಲ್ ಹಿಚ್) ಸಾಕಾಯಿತು.

ಇಳಿಜಾರಿನಲ್ಲಿ ಮಾತ್ರ ಜೋಪಾನ. ಟೂ ಸ್ಟ್ರೋಕ್ ಇಂಜಿನ್ ಅಷ್ಟಾಗಿ ತಡೆ ಕೊಡುವುದಿಲ್ಲ, ಎಲ್ಲ ಹೊರೆ ಡ್ರಮ್ ಬ್ರೇಕ್ ಮೇಲೆ. ಆಯಿಲ್ ಪೆಟ್ರೋಲ್ ಜೊತೆಗೇ ಒಳಗೆ ಹೋಗುವುದರಿಂದ, ಥ್ರಾಟಲ್ ಪೂರ್ತಿ ಮುಚ್ಚಿ ಉದ್ದಕ್ಕೆ ಇಳಿದರೆ ಪಿಸ್ಟನ್‌ಗೆ ಆಯಿಲ್ ಸಾಲದು. ಆಗಾಗ ಥ್ರಾಟಲ್ ಸ್ವಲ್ಪ ತಿರುಗಿಸುತ್ತಿರಿ.

ಸದ್ಯ ತೋಟದ ದಾರಿಯಲ್ಲೇ ಓಡಿಸುತ್ತಿದ್ದೇನೆ. ಹೆದ್ದಾರಿಗೆ ಇಳಿಸುವ ಮುಂಚೆ ಟ್ರೇಲರ್ ಎಳೆಯಬಹುದಾ ಅಂತ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುತ್ತೇನೆ.