ಪ್ರಶ್ನೋತ್ತರ: ಸರ್ಫಿಂಗ್ ಅಲೆಗೆ ಬೋಟಿನಲ್ಲಿ ಭಾರ ಎಲ್ಲಿಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇರುವವರು. ಇಬ್ಬರು ಗೆಳೆಯರು ಸೇರಿ 21 ಅಡಿಯ ಹಳೆಯ ವಿ-ಡ್ರೈವ್ (ಎಂಜಿನ್ ಹಿಂದುಗಡೆ ಇರುವ) ಬೋಟ್ ಕೊಂಡೆವು. ಮಿನೆಟೊಂಕಾ ಕೆರೆಯಲ್ಲಿ ಓಡಿಸುತ್ತೇವೆ. ಬೋಟಿನ ಹಿಂದೆ ಏಳುವ ಅಲೆಯ ಮೇಲೆ ಸರ್ಫ್ ಹಲಗೆಯಲ್ಲಿ ನಿಲ್ಲುವುದು, ಮೊದಲು ಬೋಟಿನ ಹಗ್ಗ ಹಿಡಿದು, ಆಮೇಲೆ ಅದನ್ನು ಬಿಟ್ಟು. ಹಿಂದೆ ಎಡಕ್ಕೊಂದು, ಬಲಕ್ಕೊಂದು ಟ್ಯಾಂಕ್ ಇದೆ, ತಲಾ 400 ಪೌಂಡ್ ನೀರು ಹಿಡಿಯುತ್ತದೆ. ಎರಡನ್ನೂ ತುಂಬಿಸಿದರೂ ಅಲೆ ಮೊಣಕಾಲೆತ್ತರಕ್ಕೂ ಬರುವುದಿಲ್ಲ. ಹಗ್ಗ ಬಿಟ್ಟ ಕೂಡಲೇ ಹಿಂದೆ ಉಳಿದುಬಿಡುತ್ತೇನೆ. ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಇನ್ನೂ 1,000 ಪೌಂಡಿನ ನೀರಿನ ಚೀಲ ತರಿಸಲಾ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಮೊದಲು ಬಲಗಡೆಯ ಟ್ಯಾಂಕ್ ಖಾಲಿ ಮಾಡಿ.

ಹೊಸ ಬೋಟುಗಳಲ್ಲಿ ಹಿಂದುಗಡೆ ಗೇಟ್ ಅಥವಾ ಟ್ಯಾಬ್ ಅನ್ನುವ, ನೀರಿಗೆ ಅಡ್ಡ ನಿಲ್ಲುವ ಫಲಕ ಇರುತ್ತದೆ. ಮಾಲಿಬು ಕಂಪನಿಯ ಸರ್ಫ್ ಗೇಟ್ ಅಂಥದ್ದೇ. ಅದು ಒಂದು ಕಡೆಯ ನೀರನ್ನು ತಡೆದು ತಡವಾಗಿ ಸೇರಿಸುತ್ತದೆ, ಇನ್ನೊಂದು ಕಡೆ ಅಲೆ ಚೊಕ್ಕವಾಗಿ ಏಳುತ್ತದೆ. ಹಾಗಾಗಿ ಅವರು ಎರಡೂ ಕಡೆ ಸಮ ಭಾರ ತುಂಬಬಹುದು. ನಿಮ್ಮದರಲ್ಲಿ ಅದಿಲ್ಲ. ನೀವು ಬೋಟನ್ನೇ ವಾಲಿಸಬೇಕು. ಎಡಗಾಲು ಮುಂದಿಡುವವರಿಗೆ ಎಡಗಡೆಯ ಅಲೆ ಸರಿ, ಅಲೆಯ ಕಡೆ ಮುಖ ಮಾಡಿ ನಿಲ್ಲಬಹುದು. ಅಂದಮೇಲೆ ಭಾರವೂ ಎಡಕ್ಕೇ. ಬಲಗಡೆ ಡ್ರೈವರ್ ಬೇರೆ ಕೂತಿರುತ್ತಾರೆ, ಅದನ್ನು ಮರೆಯಬೇಡಿ!

ಬೋಟಿನಲ್ಲಿರುವ ಬೇರೆಯವರನ್ನೂ ಎಡ ಸೀಟಿಗೆ ಕಳಿಸಿ. ಮನುಷ್ಯರೇ ಅತಿ ಅಗ್ಗದ ಭಾರ, ಪಂಪೂ ಬೇಡ. ವೇಗ ಗಂಟೆಗೆ 10ರಿಂದ 11 ಮೈಲಿ ಇರಲಿ. ಇಷ್ಟಕ್ಕೇ ಅಲೆ ಬದಲಾಗುತ್ತದೆ.

ಆಮೇಲೂ ಸಾಲದಿದ್ದರೆ ಎಡಗಡೆಯ ಹಿಂದಿನ ಮೂಲೆಗೆ 750 ಪೌಂಡಿನ ಒಂದು ಚೀಲ ಸಾಕು. ಹಿಂದೆ ಭಾರ ಹಾಕಿದಷ್ಟೂ ಅಲೆ ಎತ್ತರವಾಗುತ್ತದೆ, ಆದರೆ ಅದರ ಉದ್ದ ಕಡಿಮೆಯಾಗಿ ಕಡಿದಾಗುತ್ತದೆ. ಮುಂದೆ ಮೂತಿಯ ಕಡೆ ಸ್ವಲ್ಪ ಹಾಕಿದರೆ ಅಲೆ ಉದ್ದವಾಗುತ್ತದೆ, ನಿಮ್ಮನ್ನು ಮುಂದಕ್ಕೆ ತಳ್ಳುವ ಬಲವೂ ಬರುತ್ತದೆ. ಹಗ್ಗ ಬಿಟ್ಟಾಗ ಹಿಂದೆ ಬೀಳುವವರು ಎತ್ತರದ ಹಿಂದೆ ಓಡುತ್ತಾರೆ, ನಿಜವಾಗಿ ಬೇಕಾಗಿರುವುದು ಈ ತಳ್ಳುವ ಬಲ. 200-300 ಪೌಂಡಿನಿಂದ ಶುರು ಮಾಡಿ.

ಮೂತಿಗೆ ಜಾಸ್ತಿ ಹಾಕಿದರೆ ಏನಾಗುತ್ತದೆ ಅಂತ ನಾನೇ ಒಮ್ಮೆ ಕಲಿತೆ. ಬಿದ್ದವನನ್ನು ಎತ್ತಿಕೊಳ್ಳಲು ತಟ್ಟನೆ ವೇಗ ಇಳಿಸಿ ತಿರುಗಿಸಿದೆ. ನಮ್ಮದೇ ಅಲೆ ಮೂತಿಯ ಮೇಲೆ ಹತ್ತಿ ಬಂತು. ಊಟದ ಡಬ್ಬಿ, ಫೋನು, ಸಾಕ್ಸು ಎಲ್ಲ ತೇಲಿದವು. ಅವತ್ತಿನಿಂದ ನಿಧಾನಕ್ಕೆ ವೇಗ ಇಳಿಸುತ್ತೇನೆ, ಮುಂದೆ ಕೂತವರನ್ನು ಮೊದಲೇ ಹಿಂದಕ್ಕೆ ಕರೆಸುತ್ತೇನೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನೀರಿನ ಚೀಲಕ್ಕೆ ಪಂಪ್, ಪೈಪು ಅಂತ ರಗಳೆ. ಸೀಸದ ಚೀಲ ಇಟ್ಟರೆ ಆಗಲ್ವಾ? ಮರಳಿನ ಮೂಟೆ?

ಉತ್ತರ: ಸೀಸದ್ದು ಚಿಕ್ಕದು, ಸಂದಿಯಲ್ಲೂ ಕೂರುತ್ತದೆ, ಅಲೆ ತಿದ್ದಲು ಬಹಳ ಚೆನ್ನ. 50 ಪೌಂಡಿನ ಎರಡು ಮೂರು ಚೀಲ ನಾನೂ ಇಡುತ್ತೇನೆ. ಆದರೆ ಇಡೀ ಭಾರವನ್ನು ಸೀಸದಲ್ಲೇ ಹಾಕಬೇಡಿ ಮೇಡಂ. ಬೋಟಿಗೆ ನೀರು ನುಗ್ಗಿತು ಅಂದುಕೊಳ್ಳಿ. ಚೀಲದೊಳಗಿನ ನೀರಿಗೆ ನೀರಿನಲ್ಲಿ ಭಾರವೇ ಇಲ್ಲ, ಅದು ಬೋಟನ್ನು ಕೆಳಗೆಳೆಯುವುದಿಲ್ಲ. ಸೀಸ ಎಳೆಯುತ್ತದೆ. ಮರಳು ಬೇಡವೇ ಬೇಡ. ಮೂಟೆ ಹರಿದರೆ ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್ ಕಟ್ಟಿಕೊಳ್ಳುತ್ತದೆ.

ನೀರಿನ ಚೀಲವನ್ನು ಅರ್ಧ ತುಂಬಿ ಬಿಡಬೇಡಿ. ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗಿ ಬೋಟು ಇನ್ನೂ ವಾಲುತ್ತದೆ. ತುಂಬಲು ರಗಳೆ ಅಂದಿರಿ. ಗ್ಯಾಲನ್ ನೀರು ಸುಮಾರು 8.3 ಪೌಂಡ್, 750 ಪೌಂಡ್ ಅಂದರೆ 90 ಗ್ಯಾಲನ್. ಗಂಟೆಗೆ 1,200 ಗ್ಯಾಲನ್ ಎತ್ತುವ ಪಂಪಿಗೆ ಲೆಕ್ಕದಲ್ಲಿ ನಾಲ್ಕೂವರೆ ನಿಮಿಷ. ಪೈಪಿನ ತಡೆಯಿಂದ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅಷ್ಟರಲ್ಲಿ ಫ್ಲಾಸ್ಕಿನ ಕಾಫಿ ಮುಗಿಯುತ್ತದೆ.

ಪ್ರಶ್ನೆ (ಮೊದಲಿನವರು): ಒಟ್ಟು ಎಷ್ಟು ಭಾರ ಹಾಕಬಹುದು ಅಂತ ಹೇಗೆ ತಿಳಿಯುವುದು?

ಉತ್ತರ: ಸ್ಟೇರಿಂಗ್ ಹತ್ತಿರ ತೂಕದ ಮಿತಿ ಬರೆದ ಪಟ್ಟಿ ಇದೆಯಾ ನೋಡಿ. ಜನ, ಸಾಮಾನು, ನೀವು ಸೇರಿಸಿದ ಚೀಲ ಎಲ್ಲ ಅದರೊಳಗೇ ಬರಬೇಕು. ಕಂಪನಿಯ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತ ಮ್ಯಾನುಯಲ್‌ನಲ್ಲಿ ಓದಿ. ಪಟ್ಟಿಯಲ್ಲಿ 1,800 ಪೌಂಡ್ ಅಂತಿದ್ದು, ತಲಾ 170 ಪೌಂಡಿನ ಆರು ಜನ ಹತ್ತಿದರೆ 1,020 ಆಯಿತು. ಮೇಲೆ 750ರ ಚೀಲ. ಉಳಿದಿದ್ದು 30 ಪೌಂಡ್, ಐಸ್ ಪೆಟ್ಟಿಗೆಗೂ ಸಾಲದು.

ಇನ್ನೆರಡು ಮಾತು, ನೀವು ಕೇಳದಿದ್ದರೂ. ಭಾರ ತುಂಬಿದ ಬೋಟಿನ ಅಲೆ ದಡದ ಡಾಕುಗಳನ್ನು ಅಲ್ಲಾಡಿಸುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2022ರಲ್ಲಿ ಇದನ್ನು ಅಳೆದು, ಸರ್ಫ್ ಮಾಡುವಾಗ ದಡದಿಂದ 500 ಅಡಿಗಿಂತ ದೂರ ಇರಿ ಅಂದರು. ಬೋಟನ್ನು ಕೆರೆಯಿಂದ ಎತ್ತಿದ ಮೇಲೆ ತಳದ ಬಿರಡೆ ತೆಗೆದು, ಟ್ಯಾಂಕ್, ಚೀಲ ಎಲ್ಲ ಖಾಲಿ ಮಾಡಿ. ಮಿನೆಟೊಂಕಾದಲ್ಲಿ 2010ರಿಂದ ಜೀಬ್ರಾ ಮಸಲ್ ಅನ್ನುವ ಚಿಪ್ಪುಹುಳ ಇದೆ. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ಚೀಲದಲ್ಲೇ ಕೂತು ಪಕ್ಕದ ಕೆರೆಗೆ ಹೋಗುತ್ತದೆ.

ಮೊದಲಿನವರು: ಬಲ ಟ್ಯಾಂಕ್ ಖಾಲಿ ಮಾಡಿ, ಅತ್ತಿಗೆ, ಮಕ್ಕಳನ್ನು ಎಡಕ್ಕೆ ಕೂರಿಸಿದೆ ಸರ್. ಹಗ್ಗ ಸಡಿಲಾಯಿತು! ಬಿಟ್ಟು ಆರೇಳು ಸೆಕೆಂಡ್ ನಿಂತೆ, ಆಮೇಲೆ ಬಿದ್ದೆ.

ಉತ್ತರ: ಭೇಷ್. ಈಗ ಮೂತಿಗೆ 200 ಹಾಕಿ ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಹಗ್ಗ ಬಿಟ್ಟ ಕೂಡಲೇ ಒಳಗಿದ್ದವರು ಅದನ್ನು ಎಳೆದುಕೊಳ್ಳಲಿ. ಮಕ್ಕಳು ಹಿಂದಿನ ಹಲಗೆ ಮೇಲೆ ಕೂರುವುದು ಬೇಡ, ಎಂಜಿನ್ ಹೊಗೆ ಅಲ್ಲೇ ಸುತ್ತುತ್ತದೆ.