‘ಬಿಸಿನೆಸ್ ಡಿಗ್ರಿ’: ವ್ಯವಹಾರವೋ, ಆಡಳಿತವೋ, ಕಾರಭಾರವೋ?

ಪದಚರ್ಚೆಯ ಎಲ್ಲರಿಗೂ ರಾಯಚೂರಿನಿಂದ ನಮಸ್ಕಾರ.

ದೇಶವಿದೇಶಗಳ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ದೊರೆಯುವ ಬಿಸಿನೆಸ್ ಡಿಗ್ರಿಗಳ ಬಗ್ಗೆ ನಮ್ಮ ಕಡೆಯ ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಎಂಬಿಎಗೆ ರೂಢಿಯಂತೆ ‘ವ್ಯವಹಾರ ಆಡಳಿತ ಸ್ನಾತಕೋತ್ತರ ಪದವಿ’ ಎಂದು ಬರೆದು, ರಾಜೇಂದ್ರ ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿರುವ ಪರಿಚಿತರೊಬ್ಬರಿಗೆ ಕರಡನ್ನು ಓದಲು ಕೊಟ್ಟಿದ್ದೆ. ಅವರ ಮಗ ಈ ಓದಿಗೆ ತಯಾರಿ ನಡೆಸಿದ್ದಾನೆ. ಓದಿ ಮುಗಿಸಿದವರು, “ಆಡಳಿತ ಅಂತ ಬರ್ದೀರಲ್ರೀ ಸರ, ಹಂಗಾದ್ರ ನಮ್ಮ ಹುಡುಗ ಮುಂದ ತಹಶೀಲ್ದಾರ ಆಗ್ತಾನೇನ್ರಿ?” ಎಂದು ಕೇಳಿದರು. ನಗು ಬಂದರೂ ಪ್ರಶ್ನೆ ನ್ಯಾಯವಾದದ್ದೇ. ಆಡಳಿತ ಎಂದೊಡನೆ ನಮಗೆ ನೆನಪಾಗುವುದು ಕಚೇರಿಯೇ ಹೊರತು ಗಲ್ಲಾಪೆಟ್ಟಿಗೆಯಲ್ಲ.

ಈ ಓದು ಹುಟ್ಟಿದ ಅಮೆರಿಕದಲ್ಲಿಯೂ ಹೆಸರು ಮೊದಲಿನಿಂದ ಒಂದೇ ಆಗಿರಲಿಲ್ಲ. ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲು 1900ರಲ್ಲಿ ಆರಂಭವಾದಾಗ ಅದು ಕೊಡುತ್ತಿದ್ದ ಪದವಿ ‘ಕಮರ್ಷಿಯಲ್ ಸೈನ್ಸ್’ ಎಂಬ ಹೆಸರಿನದು. ‘ಅಡ್ಮಿನಿಸ್ಟ್ರೇಷನ್’ ಎಂಬ ಪದವನ್ನು ಹೊತ್ತ ಎಂಬಿಎ ಬಂದದ್ದು 1908ರಲ್ಲಿ, ಹಾರ್ವರ್ಡಿನಲ್ಲಿ. ಇವೆರಡಕ್ಕೂ ಹಿರಿಯದಾದ, 1881ರಲ್ಲಿ ಸ್ಥಾಪನೆಯಾದ ವಾರ್ಟನ್ ಸ್ಕೂಲಿನ ಸ್ನಾತಕ ಪದವಿಯ ಹೆಸರಿನಲ್ಲಿ ಇಂದಿಗೂ ಇರುವುದು ಅರ್ಥಶಾಸ್ತ್ರ. ಹಾಗಿರುವಾಗ ನಾವು ‘ವಾಣಿಜ್ಯ’ ಎಂದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಆ ಪದವನ್ನು ನಮ್ಮಲ್ಲಿ ಬಿ.ಕಾಂ., ಎಂ.ಕಾಂ. ಆಗಲೇ ಹಿಡಿದು ಕೂತಿವೆ.

‘ಮ್ಯಾನೇಜ್‌ಮೆಂಟ್’ಗೆ ‘ನಿರ್ವಹಣೆ’ ಎನ್ನೋಣವೆಂದರೆ ಕನ್ನಡ ಪತ್ರಿಕೆಗಳಲ್ಲಿ ಅದು ಕೆರೆ, ಕೊಳವೆಬಾವಿ, ಶೌಚಾಲಯಗಳ ದುರಸ್ತಿಗೇ ಹೆಚ್ಚು ಬಳಕೆಯಾಗಿದೆ. ಮೇಲಾಗಿ ‘ನಿರ್ವಾಹಕ’ ಎಂದರೆ ನಮಗೆಲ್ಲ ಬಸ್ಸಿನ ಕಂಡಕ್ಟರ್. ‘ವ್ಯವಹಾರ’ವಂತೂ ಹಲವು ಮುಖದ ಪದ. ಧರ್ಮಶಾಸ್ತ್ರಗಳಲ್ಲಿ ಅದು ನ್ಯಾಯಸ್ಥಾನದ ವಿಚಾರಣೆ, ‘ಪತ್ರವ್ಯವಹಾರ’ದಲ್ಲಿ ಹಣದ ಸುದ್ದಿಯೇ ಇಲ್ಲ, ‘ಅವನ ವ್ಯವಹಾರ ಸರಿಯಿಲ್ಲ’ ಎಂದಾಗ ಅದು ನಡತೆಯ ಮೇಲಿನ ದೂರು. ಜನರ ಬಾಯಲ್ಲಿರುವ ‘ದಂಧೆ’ ನಮ್ಮ ಕಡೆ ಕಸುಬಿಗೆ ಸಹಜವಾದ ಪದ, ‘ಏನ್ ದಂಧೆ ಮಾಡ್ತೀರಿ?’ ಎಂದು ಯಾರನ್ನಾದರೂ ಕೇಳಬಹುದು. ಆದರೆ ಬೆಂಗಳೂರಿನ ಓದುಗರಿಗೆ ಅದು ಅಕ್ರಮ ಮರಳಿನ ಸಂಗತಿಯಾಗಿಬಿಡುತ್ತದೆ.

ಇನ್ನು ‘ಡಿಗ್ರಿ’. ಇದಕ್ಕೆ ‘ಪದವಿ’ ಎಂಬುದು ನಿಂತ ಪದವೇ ಆದರೂ, ಅದನ್ನು ಎಲ್ಲೆಡೆ ಅಂಟಿಸುವುದರ ಬಗ್ಗೆ ನನ್ನ ತಕರಾರಿದೆ. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಐಎಂಗಳು (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್) ವಿಶ್ವವಿದ್ಯಾಲಯಗಳಲ್ಲದ ಕಾರಣ ದಶಕಗಳ ಕಾಲ ಕೊಟ್ಟದ್ದು ಸ್ನಾತಕೋತ್ತರ ಡಿಪ್ಲೊಮಾವನ್ನು. ಪದವಿ ಕೊಡುವ ಅಧಿಕಾರ ದೊರೆತದ್ದು 2017ರ ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ. ಅದಕ್ಕೂ ಹಿಂದೆ ಅಲ್ಲಿ ಓದಿದವರನ್ನು ‘ಐಐಎಂ ಪದವೀಧರ’ ಎಂದು ಬರೆಯುವುದು ಗೌರವವಿರಬಹುದು, ನಿಖರವಲ್ಲ. ಈ ಸಂಸ್ಥೆಗಳಿಗೆ ಹಚ್ಚುವ ‘ಪ್ರತಿಷ್ಠಿತ’ ಎಂಬ ವಿಶೇಷಣವನ್ನು ಮಾತ್ರ ಕೈಬಿಟ್ಟಿದ್ದೇನೆ, ಏಕೆಂದರೆ ಬಸ್ ನಿಲ್ದಾಣದ ಎದುರಿನ ಟ್ಯೂಷನ್ ಕೇಂದ್ರದ ಫಲಕದಲ್ಲಿಯೂ ಅದೇ ಪದವಿದೆ.

ಮೇಲೆ ಹೇಳಿದ ಅಡತಿ ವ್ಯಾಪಾರಿಗಳೇ, ಇದು ಅಂಗಡಿ ನಡೆಸುವ ಓದು ಎಂದು ನಾನು ವಿವರಿಸಿದಾಗ, “ಅಂದ್ರ ಕಾರಭಾರ ನೋಡೋದು ಅನ್ರಿ” ಎಂದರು. ಅಂದಿನಿಂದ ಆ ಪದ ನನ್ನನ್ನು ಬಿಟ್ಟಿಲ್ಲ. ಫಾರಸಿಯ ‘ಕಾರೋಬಾರ್’ನಿಂದ ಬಂದ ಇದರಲ್ಲಿ ವ್ಯಾಪಾರ, ಮೇಲಾಡಳಿತ ಎರಡೂ ಅರ್ಥಗಳು ಕೂಡಿಯೇ ಇವೆ, ‘ಬಿಸಿನೆಸ್ ಅಡ್ಮಿನಿಸ್ಟ್ರೇಷನ್’ ಎರಡು ಪದಗಳಲ್ಲಿ ಹೇಳುವುದನ್ನು ಇದು ಒಂದರಲ್ಲಿ ಹೇಳುತ್ತದೆ. ಸಂಸ್ಥಾನಗಳ ಕಾಲದಲ್ಲಿ ಕಾರಭಾರಿ ಎಂಬುದು ಹುದ್ದೆಯ ಹೆಸರೇ ಆಗಿತ್ತು. ತೊಡಕೆಂದರೆ, ‘ಕಾರುಬಾರು’ ಎಂಬ ಅದರ ಇನ್ನೊಂದು ರೂಪಕ್ಕೆ ದರ್ಪದ ಅರ್ಥ ಹತ್ತಿಕೊಂಡಿದೆ. ‘ಮನೆಯಲ್ಲೆಲ್ಲ ಸೊಸೆಯದೇ ಕಾರುಬಾರು’ ಎನ್ನುವಲ್ಲಿ ಇರುವುದು ಹೊಗಳಿಕೆಯಲ್ಲ.

ಪದವಿಯ ಹೆಸರಾಗಿ ‘ಎಂಬಿಎ’ಯನ್ನೇ ಉಳಿಸಿಕೊಂಡು, ಓದಿನ ವಿಷಯವನ್ನು ವಿವರಿಸುವಲ್ಲಿ ‘ಕಾರಭಾರ’ವನ್ನು ಬಳಸಬೇಕೆಂಬುದು ನನ್ನ ಒಲವು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಈ ಪದ ದರ್ಪದ ಸೋಂಕಿಲ್ಲದೆ ಇನ್ನೂ ಬಳಕೆಯಲ್ಲಿದೆಯೇ, ಇದ್ದರೆ ಅದು ಮಾಲೀಕರ ಕೆಲಸಕ್ಕೆ ಸಲ್ಲುತ್ತದೆಯೋ ಅಥವಾ ಅವರ ಪರವಾಗಿ ನೋಡಿಕೊಳ್ಳುವ ಗುಮಾಸ್ತರ ಕೆಲಸಕ್ಕೋ ಎಂಬುದನ್ನು ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು.